ತಮಟೆಗೆ ಕರೆಂಟು ಕೊಟ್ಟ ವರ್ಷಗಳು

ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದ ದಿನಗಳಲ್ಲಿ ನನ್ನ ಬೆವರಿಳಿಸುತ್ತಿದ್ದ ಪ್ರಶ್ನೆ ಒಂದೇ. "ಏನ್ ಕೆಲ್ಸ ಮಾಡ್ತೀರಪ್ಪ?"

ಸಂಗೀತ ಅಂದರೆ ಮನೆಯ ಯಜಮಾನರ ಮುಖ ಅರಳುತ್ತಿತ್ತು.

"ಒಳ್ಳೇದಾಯ್ತು. ಪಿಟೀಲಾ?"

"ಇಲ್ಲ ಸಾರ್, ತಾಳವಾದ್ಯ."

"ಮೃದಂಗ ಅನ್ನಿ. ನಮ್ಮಣ್ಣನ ಮಗನೂ ಕಲೀತಾ ಇದಾನೆ."

ಅಲ್ಲಿಗೆ ನಾನು ಬಾಯಿ ಮುಚ್ಚುತ್ತಿದ್ದೆ. ತಮಟೆ ಅಂದಿದ್ದರೆ ಮುಂದಿನ ಪ್ರಶ್ನೆ ಯಾವ ಜನ ಅಂತ ಬರುತ್ತಿತ್ತು. ಅದಕ್ಕೆ ತಂತಿ ಸಿಕ್ಕಿಸಿ ಯಂತ್ರದ ಜೊತೆ ಬಾರಿಸುತ್ತೇನೆ ಅಂದಿದ್ದರೆ ಕರೆಂಟ್ ಬಿಲ್ಲು, ಗಲಾಟೆ ಎರಡೂ ಅವರ ಕಣ್ಣ ಮುಂದೆ ಬರುತ್ತಿದ್ದವು. "ಹೂಂ ಸಾರ್" ಅಂದು ಮನೆ ಹಿಡಿದೆ. ಹಿಡಿದ ಮೇಲೆ ಹಳೆಯ ಕೌದಿಗಳನ್ನು ಕಿಟಕಿಗೆ ಮೊಳೆ ಹೊಡೆದು, ಕೋಲಿನ ತುದಿಗೆ ಬಟ್ಟೆ ಸುತ್ತಿ ಅಭ್ಯಾಸ ಮಾಡಿದೆ. ಬೀದಿಯಲ್ಲಿ ಯಾರಾದರೂ ಸೈಕಲ್ ನಿಲ್ಲಿಸಿದ ಸದ್ದಾದರೂ ಕೈ ನಿಲ್ಲುತ್ತಿತ್ತು. ಹೀಗೆ ಶುರುವಾಯಿತು ನನ್ನ ವೃತ್ತಿ.

ಈಗ ಈ ಹಾದಿಗೆ ಬರುತ್ತಿರುವ ಹುಡುಗ ಹುಡುಗಿಯರು ಮನೆಗೆ ಬರುತ್ತಾರೆ. ಲ್ಯಾಪ್‌ಟಾಪ್ ತೆರೆದು ತಾವು ಮಾಡಿದ್ದನ್ನು ಕೇಳಿಸುತ್ತಾರೆ. ಚೆನ್ನಾಗಿಯೇ ಇರುತ್ತದೆ. ಎಲ್ಲೆಲ್ಲಿ ಕಾರ್ಯಕ್ರಮ ಕೊಟ್ಟಿರಿ, ಯಾವ ಪ್ರಶಸ್ತಿ ಬಂತು ಅಂತ ಕೇಳುತ್ತಾರೆ. ಅದನ್ನು ಹೇಳಿ ಏನು ಪ್ರಯೋಜನ? ಭುಜ ಎತ್ತಲಾಗದೆ ಕೋಲು ಕೆಳಗಿಟ್ಟ ಮೇಲೆ ನನಗೆ ನೆನಪಿಗೆ ಬರುವುದು ಬೇರೆಯೇ. ಅದನ್ನೇ ಬರೆಯುತ್ತೇನೆ.

ನನ್ನ ಹೆಸರು ಆನಂದ. ಊರು ಚಿಂತಾಮಣಿಯಿಂದ ಕೈವಾರಕ್ಕೆ ಹೋಗುವ ರಸ್ತೆಯಲ್ಲಿ ಒಂದು ಹಳ್ಳಿ. ಅಪ್ಪ ದ್ಯಾವಪ್ಪ ಮೇಷ್ಟ್ರು, ಪ್ರೈಮರಿ ಶಾಲೆಯಲ್ಲಿದ್ದರು. ಚಿಕ್ಕಂದಿನಲ್ಲಿ ತಾತನ ಹಿಂದೆ ಊರ ದೊಡ್ಡಮನೆಗಳ ಹಿತ್ತಲಲ್ಲಿ ನಿಂತು, ಸಾವಿಗೂ ಸಾರುವುದಕ್ಕೂ ತಮಟೆ ಬಡಿಯಲು ಹೋದವರು. ಓದಿ ಮೇಷ್ಟ್ರಾದ ಮೇಲೆ ಬೌದ್ಧ ಧರ್ಮ ಸ್ವೀಕರಿಸಿದರು. ನಮ್ಮ ಬೀದಿಯ ನಾಲ್ಕಾರು ಮನೆಗಳೂ ಅವರ ಜೊತೆ ಬಂದವು. ಇನ್ನು ಯಾರ ಸಾವಿಗೂ ನಮ್ಮ ಬೀದಿಯಿಂದ ತಮಟೆ ಹೋಗಬಾರದು ಅಂತ ಎಲ್ಲರನ್ನೂ ಕೂರಿಸಿ ಒಪ್ಪಿಸಿದರು. ಅದಕ್ಕಾಗಿ ಊರಿನವರು ಒಂದು ಬೇಸಿಗೆ ಪೂರ್ತಿ ನಮ್ಮವರಿಗೆ ಕೂಲಿ ಕೊಡಲಿಲ್ಲ. ನಾನಾಗ ಹುಟ್ಟಿರಲಿಲ್ಲ, ಅಮ್ಮ ಹೇಳಿದ್ದು.

ಅಂಥ ಮನೆಯಲ್ಲಿ ಹುಟ್ಟಿದ ನಾನು ಬಿ.ಎಸ್ಸಿ. ಮುಗಿಸಿ, ತಾತ ಹೊಲದ ಬದುವಿನಲ್ಲಿ ಕದ್ದು ಕಲಿಸಿದ್ದ ತಮಟೆಯನ್ನೇ ಹೊಟ್ಟೆಪಾಡು ಮಾಡಿಕೊಂಡೆ. ಅಪ್ಪನಿಗೆ ಹೇಳಿದ ದಿನ ಅವರು ಊಟ ಮಾಡುತ್ತಿದ್ದರು. ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗೆ ಇಟ್ಟು, ಬಹಳ ಮೆತ್ತಗೆ ಹೇಳಿದರು.

"ಆ ಸದ್ದು ನಿಲ್ಲಿಸಕ್ಕೆ ನಮಗೆ ಎರಡು ತಲೆಮಾರು ಹಿಡೀತು. ನೀನು ಅದಕ್ಕೆ ಕರೆಂಟ್ ಬೇರೆ ಕೊಡ್ತೀಯ."



ಕೆಲಸ ಕೊಟ್ಟವರು ಶ್ರೀಧರಮೂರ್ತಿ ಅಂತ. ಮುದ್ದೇನಹಳ್ಳಿ ಕಡೆಯ ಜಮೀನುದಾರರ ಮನೆಯವರು, ಜರ್ಮನಿಯಲ್ಲಿ ಸಂಗೀತ ಸಂಯೋಜನೆ ಓದಿಕೊಂಡು ಬಂದಿದ್ದರು. ಚಿಕ್ಕಬಳ್ಳಾಪುರದ ಹೊರಗೆ ತಮ್ಮ ಮನೆತನದ ಹಳೆಯ ಆಲೂಗಡ್ಡೆ ಗೋದಾಮನ್ನು ಸ್ಟುಡಿಯೋ ಮಾಡಿದ್ದರು. ಗೋಡೆಗೆ ಒರಗಿದರೆ ಆಗಲೂ ಮಣ್ಣಿನ ವಾಸನೆ. ಕಾಲೇಜಿನ ಆರ್ಕೆಸ್ಟ್ರಾದಲ್ಲಿ ನಾನು ಡ್ರಮ್ಸ್ ಬಾರಿಸುವುದನ್ನು ನೋಡಿ ಕರೆಸಿಕೊಂಡರು. ಮಾತಿನ ಮಧ್ಯೆ ತಮಟೆ ಬರುತ್ತದೆ ಅಂತ ಬಾಯಿ ತಪ್ಪಿ ಹೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ತಿಂಗಳ ಸಂಬಳ ಗೊತ್ತು ಮಾಡಿದರು. ನನ್ನ ಜೊತೆ ಕೂತು ಊಟ ಮಾಡುತ್ತಿದ್ದರು, "ನೀವು" ಅಂತಲೇ ಮಾತಾಡಿಸುತ್ತಿದ್ದರು. ಒಳ್ಳೆಯವರು. ಅದಕ್ಕೇ ಮುಂದೆ ಅವರಿಗೆ ಎದುರು ಹೇಳುವುದು ನನಗೆ ಅಷ್ಟು ಕಷ್ಟವಾಯಿತು.

ಯಂತ್ರಗಳ ಮುಂದೆ ಕೂರುತ್ತಿದ್ದವರು ಜಬ್ಬಾರ್ ಭಾಯ್. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆತನ. ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಬೆರಳು ಕೊಳೆಯಿಸಿಕೊಳ್ಳಲಾರೆ ಅಂತ ಗೂಡು ಮಾರುಕಟ್ಟೆ ಪಕ್ಕ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು.

ಕೆಲಸ ಏನು ಅಂತ ಈಗ ಸರಳವಾಗಿ ಹೇಳುತ್ತೇನೆ. ಹಳೇ ಗ್ರಾಮಫೋನಿನ ಮುಳ್ಳು ಕೂರುವ ಭಾಗದಲ್ಲಿ ಒಂದು ಸಣ್ಣ ಹರಳು ಇರುತ್ತದೆ. ಅದನ್ನು ಬಿಚ್ಚಿ ಜೇನುಮೇಣದಿಂದ ತಮಟೆಯ ಅಂಚಿಗೆ ಅಂಟಿಸುತ್ತಿದ್ದರು. ನಾನು ಒಂದು ಏಟು ಹೊಡೆದರೆ ಅದು ತಂತಿಯಲ್ಲಿ ಹರಿದು ಎರಡು ಸ್ಪೂಲ್ ಟೇಪ್ ರೆಕಾರ್ಡರಿಗೆ ಹೋಗುತ್ತಿತ್ತು. ಎರಡನ್ನೂ ದೂರ ದೂರ ಇಟ್ಟು ಒಂದೇ ಟೇಪನ್ನು ಒಂದರಿಂದ ಇನ್ನೊಂದಕ್ಕೆ ಹರಿಸುತ್ತಿದ್ದರು. ಮೊದಲನೆಯದು ಹಿಡಿಯುತ್ತದೆ, ಎರಡನೆಯದು ಸ್ವಲ್ಪ ಹೊತ್ತಾದ ಮೇಲೆ ನುಡಿಯುತ್ತದೆ. ಜಬ್ಬಾರ್ ಭಾಯ್ ಅದನ್ನು ಹಿಗ್ಗಿಸುತ್ತಿದ್ದರು, ಕುಗ್ಗಿಸುತ್ತಿದ್ದರು, ತಿರುವಿ ಮತ್ತೆ ನನ್ನ ಮೇಲೇ ಎಸೆಯುತ್ತಿದ್ದರು. ನಾನು ಅದಕ್ಕೆ ಉತ್ತರ ಬಾರಿಸಬೇಕು. ಎಲ್ಲವೂ ಅಲ್ಲೇ, ಆಗಲೇ. ಮೊದಲೇ ಮುದ್ರಿಸಿಟ್ಟದ್ದು ಏನೂ ಇಲ್ಲ. ಹಿಂದೆ ಹೊಡೆದ ತಪ್ಪು ಏಟು ಕೂಡ ಅರ್ಧ ನಿಮಿಷ ಬಿಟ್ಟು ಎದುರಿಗೆ ಬಂದು ನಿಲ್ಲುತ್ತಿತ್ತು. ಬೇರೆ ವಾದಕರಿಗೆ ತಪ್ಪಿದ ಏಟು ಗಾಳಿಗೆ ಹೋಗುತ್ತದೆ. ನಮಗೆ ಹೋಗುತ್ತಿರಲಿಲ್ಲ.

ಮೊದಲ ಅನಾಹುತ ಗೌರಿಬಿದನೂರಿನ ಒಂದು ಕಾಲೇಜಿನಲ್ಲಿ ಆಯಿತು. ತಮಟೆಯ ಚರ್ಮ ಬೆಂಕಿಗೆ ಕಾಯಿಸಿದರೆ ಬಿಗಿಯಾಗಿ ಟಣ್ ಅನ್ನುತ್ತದೆ, ಆರಿದರೆ ಇಳಿಯುತ್ತದೆ. ಸಭಾಂಗಣದ ಹಿಂದೆ ತೆಂಗಿನ ಗರಿ ಹಚ್ಚಿ ಚೆನ್ನಾಗಿ ಕಾಯಿಸಿಕೊಂಡು ಬಂದೆ. ಬಿಸಿ ಆರುವ ಮೊದಲೇ ಹರಳನ್ನು ಅಂಟಿಸಿದೆವು. ಶ್ರೀಧರಮೂರ್ತಿಯವರು ಮೈಕಿನಲ್ಲಿ ಸಾವಿರಾರು ವರ್ಷದ ಆದಿಮ ನಾದ, ವಿಜ್ಞಾನ ಯುಗ ಅಂತೆಲ್ಲ ಪರಿಚಯ ಮಾಡುತ್ತಿದ್ದರು. ನನ್ನ ತಲೆಯಲ್ಲಿ ಮೇಣ ಒಂದೇ ಇತ್ತು. ಬೆರಳಿಗೆ ಜಿಡ್ಡು ತಾಗುತ್ತಿತ್ತು, ಕರಗುತ್ತಿದೆ ಅಂತ ಗೊತ್ತಾಗುತ್ತಿತ್ತು. ಜಬ್ಬಾರ್ ಭಾಯ್ ಕಡೆ ನೋಡಿದೆ. ಅವರು ಟೇಪು ನೋಡುತ್ತಿದ್ದರು.

ಮೊದಲ ಏಟು ಹೊಡೆದ ಕೂಡಲೇ ಹರಳು ಜಾರಿ ತಂತಿಗೆ ನೇತಾಡಿತು. ನೇತಾಡುತ್ತ ತಮಟೆಯ ಅಂಚಿನ ಕಬ್ಬಿಣದ ಬಳೆಗೆ ಬಡಿಯಿತು. ಸ್ಪೀಕರಿನಲ್ಲಿ ದೊಡ್ಡ ಮರ ಮುರಿದಂಥ ಸದ್ದು. ಟೇಪು ಅದನ್ನು ನಂಬಿಕಸ್ತ ಆಳಿನ ಹಾಗೆ ಮತ್ತೆ ಮತ್ತೆ ಒಪ್ಪಿಸಿತು. ನಾನು ಕಲ್ಲಾಗಿ ನಿಂತೆ. ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದೇ ಸಂಗೀತ ಅಂದುಕೊಂಡಿದ್ದರು.

ವಾಪಸು ಬರುವಾಗ ಶ್ರೀಧರಮೂರ್ತಿಯವರು, "ಆ ಆರಂಭ ಅದ್ಭುತವಾಗಿತ್ತು ಆನಂದ್. ಪ್ರತಿ ಸಲವೂ ಹಾಗೇ ಮಾಡೋಣ" ಅಂದರು. ಜಬ್ಬಾರ್ ಭಾಯ್ ಕಿಟಕಿ ಕಡೆ ಮುಖ ಮಾಡಿ ನಗು ತಡೆದುಕೊಂಡರು. ನನಗೆ ನಗು ಬರಲಿಲ್ಲ. ಜನ ಯಾವುದಕ್ಕೆ ಚಪ್ಪಾಳೆ ತಟ್ಟುತ್ತಾರೆ ಅನ್ನೋದೇ ಗೊತ್ತಾಗದ ಕೆಲಸದಲ್ಲಿ ಚೆನ್ನಾಗಿ ಬಾರಿಸಿದೆನೋ ಇಲ್ಲವೋ ಅಂತ ಯಾರನ್ನು ಕೇಳಬೇಕು? ಆ ಆತಂಕ ಕೊನೆಯವರೆಗೂ ಹೋಗಲಿಲ್ಲ.

ಎರಡನೆಯದು ನಗುವ ವಿಷಯವೇ ಅಲ್ಲ. ಚಿಂತಾಮಣಿಯ ಒಂದು ಶಾಲೆ. ಗುಂಯ್ ಅನ್ನುವ ಸದ್ದು ಕಮ್ಮಿಯಾಗಲಿ ಅಂತ ಜಬ್ಬಾರ್ ಭಾಯ್ ತಂತಿಯ ಹೊರಗಿನ ಜಾಲರಿಯನ್ನು ತಮಟೆಯ ಕಬ್ಬಿಣದ ಬಳೆಗೆ ಸೇರಿಸಿದ್ದರು. ಅದು ಸರಿಯಾದ ಕ್ರಮವೇ. ನಾವು ಶುರು ಮಾಡಿದ ಮೇಲೆ ಯಾರೋ ಹಿಂದಿನ ಕೋಣೆಯಲ್ಲಿ ಅದೇ ಸ್ವಿಚ್ ಬೋರ್ಡಿಗೆ ನೀರು ಕಾಯಿಸುವ ಹೀಟರು ಹಾಕಿದರು. ಹೀಟರು ಕೆಟ್ಟಿತ್ತು, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಶಾಲೆಯ ಅರ್ಥ್ ತಂತಿ ಎಲ್ಲೋ ಕಡಿದಿತ್ತು. ಕರೆಂಟು ನಮ್ಮ ಯಂತ್ರದ ಪೆಟ್ಟಿಗೆಗೆ, ಅಲ್ಲಿಂದ ಜಾಲರಿಗೆ, ಅಲ್ಲಿಂದ ನನ್ನ ತಮಟೆಗೆ ಬಂತು.

ತಮಟೆಯನ್ನು ಎಡಗೈಯಲ್ಲಿ ಎದೆಗೆ ಒತ್ತಿ ಹಿಡಿಯುತ್ತೇವೆ. ಎದೆಯೊಳಗೆ ಯಾರೋ ಕೈ ಹಾಕಿ ಹಿಂಡಿದ ಹಾಗಾಯಿತು. ಕೂಗಬೇಕು ಅನಿಸಿತು, ದವಡೆ ಬಿಡಲಿಲ್ಲ. ನೋಡುವವರಿಗೆ ನಾನು ಮೈಮರೆತು ಬಾರಿಸುತ್ತಿರುವ ಹಾಗೆ ಕಂಡಿತಂತೆ. ಜಬ್ಬಾರ್ ಭಾಯ್‌ಗೆ ಮಾತ್ರ ಏಟು ಬರದೆ ಬರೀ ಗುಂಯ್ ಬಂದದ್ದು ಅರ್ಥವಾಯಿತು. ಅವರು ಪ್ಲಗ್ಗು ಕಿತ್ತ ಮೇಲೆ ನಾನು ಬಿದ್ದೆ. ಕಣ್ಣು ಬಿಟ್ಟಾಗ ಅವರು ನನ್ನ ಅಂಗೈ ಉಜ್ಜುತ್ತ ಕೂತಿದ್ದರು. ತುಟಿ ಬೆಳ್ಳಗಾಗಿತ್ತು, ನನ್ನದಲ್ಲ, ಅವರದು.

ಅಂದಿನಿಂದ ಅವರೊಂದು ನಿಯಮ ಮಾಡಿಕೊಂಡರು. ಎಲ್ಲಿಗೆ ಹೋದರೂ ವೇದಿಕೆ ಪಕ್ಕದ ಮಣ್ಣಿನಲ್ಲಿ ಕಬ್ಬಿಣದ ಸರಳು ಹೊಡೆದು, ಉಪ್ಪುನೀರು ಸುರಿದು ತಮ್ಮದೇ ಅರ್ಥ್ ಕೊಡುತ್ತಿದ್ದರು. ಟೆಸ್ಟರ್ ಇಟ್ಟು ನೋಡುತ್ತಿದ್ದರು. ಆಮೇಲೆ, ನಾನು ಮುಟ್ಟುವ ಮೊದಲು, ತಮ್ಮ ಕೈಯ ಹಿಂಭಾಗವನ್ನು ತಮಟೆಯ ಬಳೆಗೆ ಒಂದು ಸಲ ತಾಗಿಸುತ್ತಿದ್ದರು.

"ಟೆಸ್ಟರ್ ಹೇಳಿದ್ಮೇಲೂ ಯಾಕೆ ಭಾಯ್?" ಅಂದೆ ಒಂದು ಸಲ.

"ಟೆಸ್ಟರ್ ಸುಳ್ಳು ಹೇಳಿದ್ರೆ ಮೊದ್ಲು ನನಗೆ ಹೊಡೀಲಿ. ನಿನಗೆ ಎದೆಗೆ ಹೊಡಿಯತ್ತೆ, ನನಗೆ ಕೈಗೆ."

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ. ಯಂತ್ರದ ಕಡೆ ಕೂರುವವರನ್ನು ನೋಡಿ ಆರಿಸಿಕೊಳ್ಳಿ. ಉಳಿದದ್ದನ್ನು ಕಲಿಯಬಹುದು.

ಆ ಷಾಕ್ ಆದಮೇಲೆ ನನ್ನೊಳಗೆ ಎರಡು ಭಯ ಸೇರಿಕೊಂಡವು. ಒಂದು ಕರೆಂಟಿನದು. ಇನ್ನೊಂದು ಜನರದು. ಶ್ರೀಧರಮೂರ್ತಿಯವರ "ಆದಿಮ ನಾದ" ಮುಗಿದು ಪರದೆ ಸರಿದಾಗ ನಾನು ಮೊದಲು ಹುಡುಕುತ್ತಿದ್ದದ್ದು ನಮ್ಮ ಕಡೆಯ ಮುಖಗಳನ್ನು. ಯಾರಾದರೂ ಊರಿನವರು ಬಂದಿದ್ದಾರಾ, ಹೋಗಿ ಏನು ಹೇಳುತ್ತಾರೆ. ದ್ಯಾವಪ್ಪ ಮೇಷ್ಟ್ರ ಮಗ ಇಷ್ಟು ಓದಿ ಕೊನೆಗೆ ಅದನ್ನೇ ಹಿಡಿದ ಅಂತ ಅಪ್ಪನ ಎದುರು ಟೀ ಅಂಗಡಿಯಲ್ಲಿ ಯಾರಾದರೂ ಅಂದರೆ? ಅಂದಿದ್ದರೂ ಅಪ್ಪ ನನಗೆ ಹೇಳುವವರಲ್ಲ. ಹಬ್ಬಕ್ಕೆ ಊರಿಗೆ ಹೋದರೆ ಬಸ್ ಚಾರ್ಜು, ಮಳೆ, ತಂಗಿಯ ಓದು ಇಷ್ಟೇ ಮಾತು. ಕೆಲಸದ ವಿಷಯ ಅವರು ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಹೀಗೆ ಐದಾರು ವರ್ಷ ಕಳೆಯಿತು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಚಳಿಗಾಲದಲ್ಲಿ ಶ್ರೀಧರಮೂರ್ತಿಯವರು ಗೋದಾಮಿಗೆ ಬಂದು, ಚಿಕ್ಕಬಳ್ಳಾಪುರದಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟುಕೊಂಡಿದ್ದೇನೆ, ಬೆಂಗಳೂರಿನಿಂದ ಗಣ್ಯರು ಬರುತ್ತಾರೆ, ಅವರು ಮೆಚ್ಚಿದರೆ ಹೊರದೇಶದ ಪ್ರವಾಸ ಅಂದರು. ಆಮೇಲೆ ಹೊಸ ಕೃತಿಯ ವಿವರ ಹೇಳಿದರು.

"ವೇದಿಕೆ ಮೇಲೇ ಬೆಂಕಿ ಇರುತ್ತೆ ಆನಂದ್. ನೀವು ಬರೀ ಮೈಯಲ್ಲಿ, ಪಂಚೆ ಕಟ್ಟಿ, ಕಾಲಿಗೆ ಗೆಜ್ಜೆ ಹಾಕಿ ಬರ್ತೀರಿ. ಎಲ್ಲರೂ ನೋಡ್ತಿರುವಾಗ ಕೂತು ತಮಟೆ ಕಾಯಿಸ್ತೀರಿ. ಇನ್ನೊಂದು ಕಡೆ ಜಬ್ಬಾರ್ ಮತ್ತೆ ಯಂತ್ರಗಳು. ಎರಡು ಯುಗ ಎದುರುಬದುರು."

"ಸಾರ್, ಬೆಂಕಿ ಹಿಂದುಗಡೆ ಇಟ್ರೆ ಆಗಲ್ವಾ? ಯಾವಾಗ್ಲೂ ಹಂಗೇ ಮಾಡ್ತೀವಲ್ಲ."

"ಬೆಂಕೀನೇ ಕೃತಿಯ ಭಾಗ. ನಿಮ್ಮ ಪರಂಪರೆ ಅದು, ಸಂಕೋಚ ಯಾಕೆ?"

ನನ್ನ ಪರಂಪರೆ ಯಾವುದು ಅಂತ ಅವರಿಗೆ ಹೇಗೆ ಹೇಳಲಿ? ದೊಡ್ಡಮನೆ ಹಿತ್ತಲಲ್ಲಿ ಬರೀ ಮೈಯಲ್ಲಿ ಬೆಂಕಿ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಳಗಿನಿಂದ ಕರೆ ಬರಲಿ ಅಂತ ಕಾದದ್ದು ನನ್ನ ತಾತ. ಪಕ್ಕದಲ್ಲಿ ಗರಿ ಹಿಡಿದುಕೊಂಡು ಕೂತಿದ್ದವರು ನಮ್ಮಪ್ಪ. ಅದನ್ನು ಶ್ರೀಧರಮೂರ್ತಿಯವರು ಕೇಡಿನಿಂದ ಹೇಳಿದ್ದಲ್ಲ. ಅವರಿಗೆ ಬೆಂಕಿ ಮಾತ್ರ ಕಾಣುತ್ತಿತ್ತು. ನಾನು "ಆಯ್ತು ಸಾರ್" ಅಂದೆ.

ಆ ವಾರವೇ ಊರಿನಿಂದ ಬಂದ ನೆಂಟರೊಬ್ಬರು, "ನಿಮ್ಮಪ್ಪ ಈ ಸಲ ನಿನ್ನ ಪ್ರೋಗ್ರಾಂಗೆ ಬರ್ತಾರಂತೆ. ರಿಟೈರ್ ಆದ್ರಲ್ಲ, ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತಿದ್ರು" ಅಂದರು.

 ಅಪ್ಪನಿಗೆ ಬರಬೇಡಿ ಅಂತ ಹೇಳಿ ಕಳಿಸೋಣ ಅನಿಸಿತು. ಇಷ್ಟು ವರ್ಷಕ್ಕೆ ಒಂದು ಸಲ ಬರುತ್ತೇನೆ ಅಂದವರಿಗೆ ಹೇಗೆ ಹೇಳುವುದು. ಜ್ವರ ಅಂತ ಮಲಗೋಣವೇ ಅನಿಸಿತು. ಕೆಲಸ ಹೋದರೆ ಏನು ಮಾಡಲಿ. ಮದುವೆಯಾಗಿ ಒಂದು ವರ್ಷವಾಗಿತ್ತು, ಮನೆಯವಳು ಬಸುರಿ. ಶಿಡ್ಲಘಟ್ಟಕ್ಕೆ ಹೋಗಿ ಜಬ್ಬಾರ್ ಭಾಯ್ ಅಂಗಡಿಯಲ್ಲಿ ಕೂತೆ. ಅವರು ಒಂದು ರೇಡಿಯೋ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. ಎಲ್ಲ ಕೇಳಿಸಿಕೊಂಡು, ತಲೆ ಎತ್ತದೆ ಹೇಳಿದರು.

"ಅಂಗಿ ಹಾಕ್ಕೊಂಡು ಬಾ. ಹಿಂದುಗಡೆ ಕಾಯಿಸ್ಕೊ. ವೇದಿಕೆ ಮೇಲೆ ಹತ್ತಿದ್ಮೇಲೆ ಸಾಹೇಬ್ರು ಏನ್ ಮಾಡ್ತಾರೆ?"

"ಕೆಲಸದಿಂದ ತೆಗೀತಾರೆ."

"ತೆಗೀಬಹುದು," ಅಂದರು. ಇಲ್ಲ ಅಂತ ಸಮಾಧಾನ ಹೇಳಲಿಲ್ಲ. "ನಾನಂತೂ ಎಲ್ಲೂ ಹೋಗಲ್ಲ. ಅಂಗಡಿ ಇದೆ, ಮಷೀನ್ ಇದೆ."

ಕಾರ್ಯಕ್ರಮ ಮಧ್ಯಾಹ್ನ ಒಂದು ಕಲ್ಯಾಣ ಮಂಟಪದಲ್ಲಿ. ಅಪ್ಪ ಬೆಳಗಿನ ಬಸ್ಸಿಗೇ ಬಂದರು. ಶಾಲೆಗೆ ಹೋಗುವಾಗ ಹಾಕುತ್ತಿದ್ದ ಬಿಳೀ ಪಂಚೆ, ಇಸ್ತ್ರಿ ಮಾಡಿದ ಜುಬ್ಬಾ. ಮೂರನೇ ಸಾಲಿನ ತುದಿಯಲ್ಲಿ ಕೂತರು. ನಾನು ತುಂಬುತೋಳಿನ ಅಂಗಿ, ಪ್ಯಾಂಟು ಹಾಕಿಕೊಂಡು ಹಿತ್ತಲಲ್ಲಿ ಗರಿ ಹಚ್ಚಿ ತಮಟೆ ಕಾಯಿಸಿದೆ. ಶ್ರೀಧರಮೂರ್ತಿಯವರು ಬಂದು ನನ್ನ ಅಂಗಿ ನೋಡಿದರು.

"ಇದೇನಿದು?"

"ಸಾರ್, ನಾನು ಹಿಂಗೇ ಬಾರಿಸ್ತೀನಿ."

ಅವರು ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಯಾರೋ ಕರೆದರು, ಹೋದರು. ಬೆಂಗಳೂರಿನ ಗಣ್ಯರು ತಡ ಮಾಡಿದರು. ಒಂದು ಗಂಟೆ, ಎರಡು ಗಂಟೆ. ಬಿಸಿಲು ಇಳಿಯಿತು. ನಂದಿ ಬೆಟ್ಟದ ಕಡೆಯಿಂದ ಚಳಿ ಬಂದು ಮಂಟಪದ ಒಳಗೆಲ್ಲ ತೇವ ಹರಡಿತು. ಬೆರಳಲ್ಲಿ ಚರ್ಮ ಒತ್ತಿ ನೋಡಿದೆ, ಇಳಿದಿತ್ತು. ಹಿತ್ತಲಿಗೆ ಓಡಿದರೆ ಮಂಟಪದ ಕಾವಲಿನವನು ನನ್ನ ಬೆಂಕಿಗೆ ನೀರು ಸುರಿದು ಗುಡಿಸಿಬಿಟ್ಟಿದ್ದ. ಮತ್ತೆ ಹಚ್ಚಲು ಒಣ ಗರಿ ಇರಲಿಲ್ಲ. ಅಷ್ಟರಲ್ಲಿ ಕಾರುಗಳು ಬಂದವು.

ಶ್ರೀಧರಮೂರ್ತಿಯವರು ನನ್ನ ಭುಜ ಹಿಡಿದರು.  ಅವರಿಗೂ ಅದು ಸಣ್ಣ ದಿನವಾಗಿರಲಿಲ್ಲ.

"ಚರ್ಮ ಇಳಿದಿದೆ ಅಲ್ವಾ? ವೇದಿಕೆ ಮೇಲೆ ಬೆಂಕಿ ಸಿದ್ಧವಾಗಿದೆ ಆನಂದ್. ಅಂಗಿ ಹೋಗ್ಲಿ, ಹಾಕ್ಕೊಳ್ಳಿ. ಕೂತು ಕಾಯಿಸಿ ಸಾಕು. ಇಲ್ದಿದ್ರೆ ಎಲ್ಲಾ ಕೆಟ್ಟುಹೋಗುತ್ತೆ."

ಪರದೆಯ ಸಂದಿಯಿಂದ ನೋಡಿದೆ. ಅಗಲವಾದ ಬಾಣಲೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಅದರಾಚೆ ಮೂರನೇ ಸಾಲಿನಲ್ಲಿ ಅಪ್ಪ ಆ ಕೆಂಡವನ್ನೇ ನೋಡುತ್ತ ಕೂತಿದ್ದರು. ಎರಡು ಕೈಯನ್ನೂ ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದರು, ಯಾವಾಗ ಬೇಕಾದರೂ ಎದ್ದು ಹೋಗುವವರ ಹಾಗೆ.

ಜಬ್ಬಾರ್ ಭಾಯ್ ಸರಳಿಗೆ ನೀರು ಹಾಕಿ ಬಂದು, ತಮಟೆಯ ಬಳೆಗೆ ಕೈಹಿಂಭಾಗ ತಾಗಿಸಿದರು. ಚರ್ಮದ ಮೇಲೂ ಒಂದು ಸಲ ಒತ್ತಿದರು. "ಬಹಳ ಇಳಿದಿದೆ," ಅಂದರು. "ನಿಧಾನಕ್ಕೆ ಬಾರಿಸು. ನಾನು ಹಿಡ್ಕೋತೀನಿ."

ವೇದಿಕೆಗೆ ಹೋದೆ. ಬಾಣಲೆಯ ಪಕ್ಕದಲ್ಲೇ ದಾಟಿ ಹೋಗಬೇಕಿತ್ತು. ಕಾಲಿಗೆ ಶಾಖ ತಾಗಿತು. ನಿಲ್ಲಲಿಲ್ಲ.

ಮೊದಲ ಏಟು ದೊಬ್ ಅಂದಿತು. ಒದ್ದೆ ಮೂಟೆ ಬಿದ್ದ ಹಾಗೆ. ಮುಂದಿನ ಸಾಲಿನಲ್ಲಿ ಯಾರೋ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು.  ಎರಡನೇ ಏಟೂ ಹಾಗೇ. ಕಲಿತ ಯಾವ ನಡೆಯೂ ಆ ಚರ್ಮದ ಮೇಲೆ ಕೂರುತ್ತಿರಲಿಲ್ಲ, ಕೋಲು ಚಿಮ್ಮುತ್ತಲೇ ಇರಲಿಲ್ಲ. ಆಗ ಮೊದಲನೇ ಏಟು ಟೇಪಿನಿಂದ ವಾಪಸು ಬಂತು. ಜಬ್ಬಾರ್ ಭಾಯ್ ಅದನ್ನು ಬಹಳ ಕೆಳಕ್ಕೆ ಇಳಿಸಿದ್ದರು, ಬಹಳ ಉದ್ದ ಎಳೆದಿದ್ದರು. ದೂರದ ಹೆದ್ದಾರಿಯಲ್ಲಿ ಭಾರದ ಲಾರಿ ಏರು ಹತ್ತುವ ಹಾಗೆ. ಕಿಟಕಿಯ ಗಾಜು ಸಣ್ಣಗೆ ಅದುರಿತು.

ನಾನು ಹೊಡೆಯುವುದನ್ನು ಬಿಟ್ಟು ಕಾದೆ. ಆಮೇಲೆ ಹೆಬ್ಬೆರಳಲ್ಲಿ ಚರ್ಮ ಒತ್ತಿ ಬಾರಿಸಿದೆ. ಬಿಗಿ ಚರ್ಮದಲ್ಲಿ ಆಗದ ಒಂದು ಕೆಲಸ ಆ ಸಡಿಲ ಚರ್ಮದಲ್ಲಿ ಆಗುತ್ತಿತ್ತು. ಸದ್ದು ಬಾಗುತ್ತಿತ್ತು, ಯಾರೋ ನರಳಿ ಸುಮ್ಮನಾದ ಹಾಗೆ. ಅದನ್ನು ಅವರು ಹಿಡಿದು ನನಗೇ ಕೊಟ್ಟರು. ದಪ್ಪ ಕೋಲಿನ ಬುಡದಿಂದ ಉಜ್ಜಿದೆ. ಅಷ್ಟು ನಿಧಾನವಾಗಿ ನಾನು ಯಾವತ್ತೂ ಬಾರಿಸಿರಲಿಲ್ಲ. ಮುಂದೇನು ಅಂತ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಭಯ ಹೋಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಭಯದಲ್ಲೇ ಬಾರಿಸಿದೆ.

ಜನ ಒಬ್ಬೊಬ್ಬರೇ ಎದ್ದು ಹೋದರು. ಗಣ್ಯರು ನಡುವೆಯೇ ಗಡಿಯಾರ ನೋಡಿ ಹೊರಟರು. ಕೊನೆಗೆ ಅರ್ಧ ಮಂಟಪ ಖಾಲಿ. ಉಳಿದವರು ಮುಗಿಯಿತೋ ಇಲ್ಲವೋ ಗೊತ್ತಾಗದೆ ತಡವಾಗಿ ಚಪ್ಪಾಳೆ ತಟ್ಟಿದರು. ಅಪ್ಪ ತಮ್ಮ ಜಾಗದಲ್ಲೇ ಇದ್ದರು. ಚಪ್ಪಾಳೆ ತಟ್ಟಲಿಲ್ಲ.

ಶ್ರೀಧರಮೂರ್ತಿಯವರು ಕೂಗಾಡಲಿಲ್ಲ. "ನೀವು ನನ್ನ ಕೃತಿ ಬಾರಿಸಲಿಲ್ಲ ಆನಂದ್," ಅಂದರು.

"ಹೌದು ಸಾರ್."

"ಮುಂದಿನ ತಿಂಗಳಿಂದ ಬರೋದು ಬೇಡ."

ಆಮೇಲೆ ಎರಡು ಮೂರು ವರ್ಷ ಕಷ್ಟವೇ. ಮದುವೆ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ಬಾರಿಸಿದೆ, ಟ್ಯೂಷನ್ ಹೇಳಿದೆ. ಭಾನುವಾರ ಮಾತ್ರ ಶಿಡ್ಲಘಟ್ಟದ ಅಂಗಡಿಯ ಶಟರು ಎಳೆದುಕೊಂಡು ನಾನೂ ಜಬ್ಬಾರ್ ಭಾಯಿಯೂ ಇಳಿದ ಚರ್ಮದ ಮೇಲೆ ಹುಡುಕಾಟ ಮಾಡುತ್ತಿದ್ದೆವು. ಕಾಯಿಸುವುದನ್ನು ಪೂರ್ತಿ ಬಿಟ್ಟೆವು. ಒದ್ದೆ ಬಟ್ಟೆ ಒತ್ತಿ ಇನ್ನೂ ಇಳಿಸುತ್ತಿದ್ದೆವು. ಅದೇ ನಮ್ಮ ಕ್ರಮವಾಯಿತು. ಮುಂದೆ ಎಲ್ಲೆಲ್ಲಿ ಬಾರಿಸಿದೆವೋ ಎಲ್ಲ ಅದರ ಬಲದ ಮೇಲೆಯೇ.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ಭಾನುವಾರ ಶಟರು ತಟ್ಟಿದ ಸದ್ದಾಯಿತು. ಶ್ರೀಧರಮೂರ್ತಿಯವರು. ತಲೆ ಅರ್ಧ ನರೆತಿತ್ತು. ಒಂದು ಸ್ಟೂಲಿನ ಮೇಲೆ ಕೂತು ಪೂರ್ತಿ ಕೇಳಿದರು. "ನಾನು ಇದನ್ನ ಕೇಳಿಸ್ಕೊಳ್ಳೋದು ಬಿಟ್ಟು ಅವತ್ತು ಕಾರುಗಳನ್ನ ನೋಡ್ತಿದ್ದೆ," ಅಂದರು. ಕ್ಷಮೆ ಅನ್ನುವ ಪದ ಬಳಸಲಿಲ್ಲ, ನಾನು ನಿರೀಕ್ಷಿಸಲೂ ಇಲ್ಲ. ಮತ್ತೆ ಒಟ್ಟಿಗೆ ಕೆಲಸ ಮಾಡಿದೆವು. ಬೆಂಕಿಯ ಮಾತು ಎತ್ತಲಿಲ್ಲ. ಪರಿಚಯ ಮಾಡುವಾಗ ನನ್ನ ಹೆಸರು, ಜಬ್ಬಾರ್ ಭಾಯ್ ಹೆಸರು, ಅಷ್ಟೇ ಹೇಳುತ್ತಿದ್ದರು.

ಅವರೇ ಕಂಪ್ಯೂಟರನ್ನೂ ತಂದರು. ಟೇಪಿನ ಕಾಲ ಮುಗಿಯಿತು. ಟೇಪು ಹರಿಯುವುದು ಕಣ್ಣಿಗೆ ಕಾಣುತ್ತಿತ್ತು, ಅಂಟಿಸಬಹುದಿತ್ತು. ಕಂಪ್ಯೂಟರು ಕಾರಣ ಹೇಳದೆ ನಿಲ್ಲುತ್ತಿತ್ತು. ಜಬ್ಬಾರ್ ಭಾಯ್ ಅದರ ಮುಂದೆ ಹೊಸ ಮನೆಗೆ ಬಂದ ನೆಂಟನ ಹಾಗೆ ಕೂರುತ್ತಿದ್ದರು. ಆದರೂ ಕಲಿತರು. ಹರಳಿನ ಬದಲು ಕರೆಗಂಟೆಯ ಬಜರಿನೊಳಗಿನ ತಗಡು ಬಂತು, ಮೇಣದ ಬದಲು ಅಂಟುಪಟ್ಟಿ ಬಂತು. ಇದನ್ನೆಲ್ಲ ನಿಮ್ಮಲ್ಲಿ ಕೆಲವರು ನನಗಿಂತ ಚೆನ್ನಾಗಿ ಬಲ್ಲಿರಿ.

ಅಪ್ಪನ ವಿಷಯ ಅರ್ಧಕ್ಕೆ ಬಿಟ್ಟೆ. ಕೆಲಸ ಹೋದ ಆ ಸಂಜೆ ಅವರು ನನ್ನ ಮನೆಗೆ ಬಂದು, ಸೊಸೆ ಬಡಿಸಿದ್ದನ್ನು ಉಂಡು ಮಲಗಿದರು. ಬೆಳಿಗ್ಗೆ ಅವರನ್ನು ಊರಿಗೆ ಬಿಟ್ಟು, ದಾರಿಯಲ್ಲಿ ತಮಟೆಯನ್ನು ಜಬ್ಬಾರ್ ಭಾಯ್ ಅಂಗಡಿಯಲ್ಲಿ ಇಟ್ಟು ಬರೋಣ ಅಂತ ನಾನೂ ಹೊರಟೆ. ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗುವ ಬಸ್ಸು. ಕಾಲಿಡಲು ಜಾಗವಿಲ್ಲ. ಅಪ್ಪನಿಗೆ ಹೇಗೋ ಒಂದು ಸೀಟು ಸಿಕ್ಕಿತು. ನಾನು ತಮಟೆ ತಲೆಯ ಮೇಲೆ ಹಿಡಿದುಕೊಂಡು ನಿಂತಿದ್ದೆ. ಡ್ರೈವರು ಬ್ರೇಕ್ ಹಾಕಿದಾಗಲೆಲ್ಲ ಯಾರಿಗಾದರೂ ತಾಗುತ್ತದೆ, ಯಾರಾದರೂ ಏನಾದರೂ ಅನ್ನುತ್ತಾರೆ 'ಇದನ್ನೆಲ್ಲ ಬಸ್ಸಿಗೆ ಯಾಕ್ ತರ್ತೀರಾ' ಅಂತ, ಅದೂ ಅಪ್ಪನ ಎದುರು, ಅಂತ ಹೆದರಿಕೊಂಡಿದ್ದೆ.

"ಕೊಡು ಇಲ್ಲಿ," ಅಂದರು ಅಪ್ಪ. ಕೈ ಚಾಚಿ ತಮಟೆ ತಗೊಂಡು ತೊಡೆಯ ಮೇಲೆ ಇಟ್ಟುಕೊಂಡರು.

ಪಕ್ಕದ ಸೀಟಿನಲ್ಲಿ ಬಿಳೀ ರುಮಾಲು ಸುತ್ತಿದ ಯಜಮಾನರೊಬ್ಬರಿದ್ದರು. ತಮಟೆಯನ್ನೂ ಅಪ್ಪನ ಇಸ್ತ್ರಿ ಜುಬ್ಬಾವನ್ನೂ ಒಂದೆರಡು ಸಲ ನೋಡಿದರು.

"ಏನಪ್ಪಾ, ಯಾರ್ದಾದ್ರೂ ಸಾವಾ?"

 ಅಪ್ಪ ಅವರ ಕಡೆ ತಿರುಗಿದರು. ಮಕ್ಕಳಿಗೆ ಪಾಠ ಹೇಳುವಾಗ ಇರುತ್ತಿದ್ದ ಧ್ವನಿ, ಜೋರೂ ಅಲ್ಲ, ಮೆಲ್ಲಗೂ ಅಲ್ಲ.

"ಸಾವಲ್ಲ ಸ್ವಾಮಿ. ನಿನ್ನೆ ಚಿಕ್ಕಬಳ್ಳಾಪುರದಲ್ಲಿ ನನ್ನ ಮಗನ ಕಛೇರಿ ಇತ್ತು."

"ತಮಟೇಲಿ ಕಛೇರಿನಾ?"

"ಹೂಂ. ಬಂದೋರು ಯಾರೂ ಕೊನೇವರ್ಗೂ ಕದಲ್ಲಿಲ್ಲ. ಟಿಕೆಟ್ ತಗೊಂಡು ಕೂತಿದ್ರು."

ಯಜಮಾನರು "ಹಂಗಾ" ಅಂದು ನನ್ನ ಕಡೆ ಕತ್ತೆತ್ತಿ ನೋಡಿದರು. ನಾನು ಕಂಬಿ ಹಿಡಿದುಕೊಂಡು ಕಿಟಕಿಯಾಚೆ ಹಿಪ್ಪುನೇರಳೆ ತೋಟ ನೋಡಿದೆ. ಸುಳ್ಳು ಹೇಳಿದ ಹುಡುಗರನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ ನಮ್ಮಪ್ಪ. ಹಿಂದಿನ ದಿನದ ಕಾರ್ಯಕ್ರಮಕ್ಕೆ ಟಿಕೆಟ್ಟೇ ಇರಲಿಲ್ಲ.